ಜೇನುಪೆಟ್ಟಿಗೆಗಳ ಡಾಕ್ಟರ್ ಅಂಕಲ್

ಮೆಲ್ಬರ್ನಿನ ಕ್ಲೈಡ್ ನಾರ್ತ್‌ನಲ್ಲಿ ಮನುಷ್ಯರ ಮಗುವಾಗಿ ಹುಟ್ಟುವುದಕ್ಕಿಂತ ನಮ್ಮ ಪಕ್ಕದ ಮನೆಯ ಸೇತುರಾಮ್ ಅಂಕಲ್ ಹಿತ್ತಲಲ್ಲಿ ಜೇನುಹುಳುವಾಗಿ ಹುಟ್ಟುವುದು ವಾಸಿ. ಮಕ್ಕಳ ಡಾಕ್ಟರಾಗಿದ್ದು ರಿಟೈರ್ ಆದ ಈ ಮಹಾನುಭಾವರು ಇಲ್ಲಿನ ಜುಲೈ ಚಳಿಗಾಲ ಬಂತೆಂದರೆ ಮಂಕಿಟೋಪಿ ಹಾಕಿಕೊಂಡು, ಕತ್ತಿಗೆ ಸ್ಟೆತಾಸ್ಕೋಪ್ ನೇತುಹಾಕಿಕೊಂಡು ದಿನಾ ಬೆಳಗ್ಗೆ ರೌಂಡ್ಸ್‌ಗೆ ಹೊರಡುತ್ತಾರೆ. ಜೇನುಪೆಟ್ಟಿಗೆಯ ಮುಚ್ಚಳ ತೆಗೆದರೆ ಒಳಗಿನ ಶಾಖ ಹೋಗಿ ಹುಳುಗಳು ಸಾಯುತ್ತವಂತೆ. ಅದಕ್ಕೇ ಪೆಟ್ಟಿಗೆಯನ್ನು ಮೆಲ್ಲಗೆ ತಟ್ಟಿ, ಸ್ಟೆತಾಸ್ಕೋಪ್ ಒತ್ತಿ, ಗುಂಯ್‌ಗುಡುತ್ತವೆಯೋ ಎಂದು ಕೇಳಬೇಕಂತೆ. ಒಂದು ಬದಿ ಎತ್ತಿ ತೂಕ ನೋಡಿ, “ಸೊರಗಿಬಿಟ್ರಲ್ರೋ” ಎಂದು ಮುದ್ದು ಬೇರೆ. ನನ್ನ ಮಗ ಇಹಾನ್ ವಾರದಿಂದ ಗೊರಗೊರ ಕೆಮ್ಮುತ್ತಿದ್ದಾನೆ, ಒಂದು ಸಲ ನೋಡಿ ಎಂದು ಬೇಲಿಯಾಚೆಯಿಂದ ಗೋಗರೆದರೆ, ತಲೆಯನ್ನೂ ಎತ್ತದೆ “ಕ್ಲಿನಿಕ್ಕಿನ ಜಿಪಿಗೆ ತೋರಿಸಮ್ಮ” ಎನ್ನುತ್ತಾರೆ. ಹುಳುವಿಗೆ ಮನೆಬಾಗಿಲಲ್ಲೇ ಡಾಕ್ಟರು, ಮಗುವಿಗೆ ಅಪಾಯಿಂಟ್‌ಮೆಂಟು. ನಿನ್ನೆ ತಡೆಯಲಾರದೆ ಮಗುವನ್ನು ಎತ್ತಿಕೊಂಡು ಗೇಟು ದಾಟಿ ಅವರ ಹಿತ್ತಲಿಗೇ ಹೋಗಿ, “ಆ ಸ್ಟೆತಾಸ್ಕೋಪ್ ಒಂದ್ನಿಮಿಷ ಇವನ ಎದೆಗಿಟ್ರೆ ಸವೆದುಹೋಗತ್ತಾ ಅಂಕಲ್?” ಎಂದು ಗದರಿದೆ. ಅವರು ಅದನ್ನು ಕತ್ತಿನಿಂದ ತೆಗೆದು ನನ್ನ ಕೈಗೇ ಕೊಟ್ಟರು. “ಈ ಪೆಟ್ಟಿಗೆ ಸ್ವಲ್ಪ ನೀನೇ ಕೇಳಿ ಹೇಳಮ್ಮ. ಹೋದ ವರ್ಷದಿಂದ ಸಣ್ಣ ಸದ್ದು ನನಗೆ ಕೇಳಿಸ್ತಿಲ್ಲ. ಹುಳುಗಳ ವಿಷಯದಲ್ಲಿ ತಪ್ಪಿದ್ರೆ ಒಂದು ಪೆಟ್ಟಿಗೆ ಹೋಗತ್ತೆ. ಮಗು ಎದೆಯಲ್ಲಿ ತಪ್ಪಲಾ?” ಮಗುವನ್ನು ಸೊಂಟಕ್ಕೆ ಒತ್ತಿಕೊಂಡು ಬಗ್ಗಿ ಪೆಟ್ಟಿಗೆಗೆ ಸ್ಟೆತಾಸ್ಕೋಪ್ ಇಟ್ಟು ಕೇಳಿದೆ. ಒಳಗೆ ಎಲ್ಲೋ ಆಳದಲ್ಲಿ ಗುಂಯ್ ಎನ್ನುತ್ತಿತ್ತು. ಇದನ್ನು ಮೊದಲೇ ಹೇಳಲು ಇವರಿಗೇನು ಧಾಡಿ ಎಂಬ ಸಿಟ್ಟಿನಲ್ಲೇ, “ಬದುಕಿವೆ ಅಂಕಲ್” ಎಂದು ಕಿರುಚಿದೆ. ಅದೊಂದು ಅವರಿಗೆ ಸರಿಯಾಗಿ ಕೇಳಿಸಿತು.