ಏರಿಗೆ ಮುಖ ಮಾಡಿದ ಕಾರು

ನನ್ನ ಷಡ್ಡಕನನ್ನು ಎಲ್ಲರೂ ಕರೆಯುವುದು ಕಿವಿ ಮೇಸ್ತ್ರಿ ಎಂದು. ಬಾನೆಟ್ ಎತ್ತುವ ಮೊದಲೇ, ಬರೀ ಸದ್ದು ಕೇಳಿ ಗಾಡಿಯ ಕಾಯಿಲೆ ಹೇಳಿಬಿಡುತ್ತಾನಂತೆ. ಹೇಳಿಬಿಡುತ್ತಾನೆ ಎನ್ನುವುದೇನೋ ನಿಜ. ಅದು ಸರಿಯೋ ತಪ್ಪೋ ಎಂದು ನೋಡುವ ಗೋಜಿಗೆ ಅವನು ಹೋಗುವುದಿಲ್ಲ, ಅಷ್ಟೆ.

ಅವನ ಗ್ಯಾರೇಜಿಗೂ ನನ್ನ ಪಂಕ್ಚರ್ ಅಂಗಡಿಗೂ ನಡುವೆ ಒಂದೇ ಗೋಡೆ. ಅಕ್ಕನನ್ನು ಅವನು, ತಂಗಿಯನ್ನು ನಾನು ಮದುವೆಯಾದದ್ದರಿಂದ ಹಗಲು ಅಂಗಡಿಯಲ್ಲೂ ರಜೆಯ ದಿನ ಮನೆಯಲ್ಲೂ ಅವನ ದರ್ಶನ ತಪ್ಪಿದ್ದಲ್ಲ. ಹದಿನೇಳು ವರ್ಷಗಳಿಂದ ಗಿರಾಕಿಗಳಿಗೆ ನನ್ನನ್ನು ತೋರಿಸಿ ಅವನು ಹೇಳುವುದು ಒಂದೇ ಮಾತು: "ಇವನಾ? ನಮ್ಮ ಷಡ್ಡಕ. ಗಾಳಿ ಹೊಡೀತಾನೆ."

ಮೊದಲು ಅವನು ಹೀಗಿರಲಿಲ್ಲ ಎನ್ನುತ್ತಾರೆ. ಹುಡುಗನಾಗಿದ್ದಾಗ ಬಸ್ಸಿನ ವರ್ಕ್‌ಶಾಪಿನಲ್ಲಿ ಕೆಲಸಕ್ಕಿದ್ದ. ನಾಲ್ಕು ಜನ ಹಿರಿಯರು ಮೂರು ದಿನ ಬಿಚ್ಚಿ ಜೋಡಿಸಿ ಸೋತ ಒಂದು ಬಸ್ಸಿನ ಪಕ್ಕ ನಿಂತು, ಒಳಗೆ ಬೇರಿಂಗ್ ಸವೆದಿದೆ ಎಂದು ಸದ್ದಿನಿಂದಲೇ ಹೇಳಿದ. ಹೇಳಿದ್ದು ನಿಜವಾಯಿತು. ಅದೇ ಅವನಿಗೆ ಮುಳುವಾಯಿತು. ಅವತ್ತಿನಿಂದ ನೋಡುವುದನ್ನು ಬಿಟ್ಟ, ಮುಟ್ಟುವುದನ್ನು ಬಿಟ್ಟ, ಬೇರೆಯವರ ಮಾತು ಕೇಳುವುದನ್ನಂತೂ ಮೊದಲೇ ಬಿಟ್ಟ. ಗಾಡಿ ಇಟ್ಟುಕೊಂಡವರೆಂದರೆ ಅವನಿಗೆ ತಾತ್ಸಾರ. "ಕುದುರೆ ಮೇಲೆ ಕೂತ ನೊಣಕ್ಕೆ ಕುದುರೆ ವಿಷ್ಯ ಏನಯ್ಯ ಗೊತ್ತಿರುತ್ತೆ?" ಎನ್ನುತ್ತಿದ್ದ, ಆ ನೊಣದ ಎದುರಿಗೇ.

ಹೀಗಿರುವಾಗ ಲ್ಯಾಬಿನ ಹೆಂಗಸಿನ ಕಾರು ಕೆಟ್ಟಿತು.

ಆಕೆಗೆ ಐವತ್ತು ದಾಟಿರಬಹುದು. ಹಾಸಿಗೆ ಬಿಟ್ಟು ಏಳಲಾರದವರ ಮನೆಮನೆಗೆ ಬೆಳಗ್ಗೆ ಹೋಗಿ, ರಕ್ತ ತೆಗೆದು, ಸಣ್ಣ ಸಣ್ಣ ಟ್ಯೂಬುಗಳನ್ನು ತಣ್ಣಗಿನ ಪೆಟ್ಟಿಗೆಯಲ್ಲಿಟ್ಟು ಲ್ಯಾಬಿಗೆ ಮುಟ್ಟಿಸುವುದು ಆಕೆಯ ಕೆಲಸ. ಮನೆ ಇರುವುದು ಕಡಿದಾದ ಏರುಬೀದಿಯಲ್ಲಿ. ಎಲ್ಲಿ ಜಾಗ ಸಿಕ್ಕರೆ ಅಲ್ಲಿ, ಯಾವ ಕಡೆಗಾದರೂ ಮುಖ ಮಾಡಿ ಕಾರು ನಿಲ್ಲಿಸಬೇಕು. ಮೊದಲ ಸಲ ಫೋನ್ ಬಂದಾಗ ಷಡ್ಡಕ ನನ್ನನ್ನೂ ಎಳೆದುಕೊಂಡು ಹೋದ. ತಳ್ಳಲು ಒಂದು ಆಳು ಬೇಕಾದಾಗಲೆಲ್ಲ ನಾನು ಅವನಿಗೆ ಹತ್ತಿರದ ನೆಂಟ.

ಆಕೆ ಕೀ ತಿರುಗಿಸಿದಳು. ಎಂಜಿನ್ ಗರಗರ ಸುತ್ತಿತು, ಹೊತ್ತಿಕೊಳ್ಳಲಿಲ್ಲ. ಷಡ್ಡಕ ಕಣ್ಣು ಮುಚ್ಚಿ, ತಲೆ ಓರೆ ಮಾಡಿ ನಿಂತ.

"ಪ್ಲಗ್," ಎಂದ.

ಗಾಡಿಯನ್ನು ತಿರುಗಿಸಿ ಇಳಿಜಾರಿನಲ್ಲಿ ಜಾರಿಸಿಕೊಂಡು ಗ್ಯಾರೇಜಿಗೆ ತಂದೆವು. ಗ್ಯಾರೇಜಿನ ನೆಲ ಸಮತಟ್ಟು. ಹೊಸ ಪ್ಲಗ್ ಹಾಕಿದ, ಕೀ ತಿರುಗಿಸಿದ, ಕಾರು ಒಂದೇ ಏಟಿಗೆ ಸ್ಟಾರ್ಟ್ ಆಯಿತು. ಅವನು ನನ್ನತ್ತ ನೋಡಿದ ನೋಟವನ್ನು ಏನೆಂದು ಹೇಳಲಿ.

ಒಂಬತ್ತು ದಿನಕ್ಕೆ ಮತ್ತೆ ಅದೇ ಕಥೆ. ಈ ಸಲ "ಕಾಯಿಲ್" ಎಂದ. ಗ್ಯಾರೇಜಿಗೆ ತಂದು ಕಾಯಿಲ್ ಬದಲಾಯಿಸಿದ, ಸ್ಟಾರ್ಟ್ ಆಯಿತು. ಮತ್ತೊಂದು ವಾರಕ್ಕೆ "ಸ್ಟಾರ್ಟರ್" ಎಂದ. ಎಂಜಿನ್ ಅಷ್ಟು ಚೆನ್ನಾಗಿ ಸುತ್ತುತ್ತಿರುವಾಗ ಅದನ್ನು ಸುತ್ತಿಸುವ ಸ್ಟಾರ್ಟರಿಗೆ ಏನು ಧಾಡಿ? ಗಾಳಿ ಹೊಡೆಯುವ ನನಗೇ ಅದು ಗೊತ್ತಾಗುತ್ತದೆ. ಆದರೂ ಬಿಚ್ಚಿದ, ಹೊಸದು ಕೂರಿಸಿದ. ಗ್ಯಾರೇಜಿಗೆ ತಂದ ಮೇಲೆ ಅದು ಹೇಗೂ ಸ್ಟಾರ್ಟ್ ಆಗುತ್ತಿತ್ತು. ಅವನು ಆ ಹೊತ್ತಿಗೆ ಏನು ಬದಲಾಯಿಸಿದ್ದನೋ ಅದಕ್ಕೆ ಕೀರ್ತಿ ಸಿಗುತ್ತಿತ್ತು.

ನಾಲ್ಕನೇ ಸಲ ಆಕೆ ನಡೆದುಕೊಂಡೇ ಗ್ಯಾರೇಜಿಗೆ ಬಂದಳು. ಕೈಯಲ್ಲಿ ಒಂದು ನೋಟ್‌ಬುಕ್ಕು.

"ಮೇಸ್ತ್ರಿಗಳೇ, ಐದು ವಾರದಿಂದ ಬರೆದಿಟ್ಟಿದೀನಿ. ಗಾಡಿ ಏರಿಗೆ ಮುಖ ಮಾಡಿ ನಿಂತಿರ್ಬೇಕು, ಪೆಟ್ರೋಲ್ ಕಾಲು ಟ್ಯಾಂಕಿಗಿಂತ ಕಮ್ಮಿ ಇರ್ಬೇಕು. ಎರಡೂ ಸೇರಿದ ದಿನ ಮಾತ್ರ ಹೀಗಾಗ್ತಿದೆ. ಇಳಿಜಾರಿಗೆ ಮುಖ ಮಾಡಿ ನಿಲ್ಲಿಸಿದ್ರೆ ಏನೂ ತೊಂದ್ರೆ ಇಲ್ಲ."

ಗ್ಯಾರೇಜಿನಲ್ಲಿ ಇನ್ನೂ ಮೂವರು ಗಿರಾಕಿಗಳಿದ್ದರು. ಜನ ಇದ್ದರೆ ಷಡ್ಡಕನಿಗೆ ಹುರುಪು ಜಾಸ್ತಿ.

"ಹಾಗಾದ್ರೆ ಮಗ್ಗುಲು ಬದಲಾಯಿಸಿ ಮಲಗ್ಸಿ ಮೇಡಂ! ದಿಂಬೂ ಬೇಕೇನೋ, ಕೇಳಿ ನೋಡಿ."

ಮೂವರೂ ನಕ್ಕರು. ನಾನೂ ನಕ್ಕೆ. ಅವನ ಮಾತಿಗೆ ಹಲ್ಲು ಬಿಡುವುದು ನನಗೆ ರೂಢಿಯಾಗಿಹೋಗಿತ್ತು. ಅದನ್ನು ನೆನೆಸಿಕೊಂಡರೆ ಅವನಿಗಿಂತ ನನ್ನ ಮೇಲೇ ನನಗೆ ಹೆಚ್ಚು ಅಸಹ್ಯವಾಗುತ್ತದೆ.

ಆಕೆ ನಗು ಮುಗಿಯುವ ತನಕ ಕಾದಳು. "ಇವತ್ತು ಒಬ್ರು ಅಜ್ಜ ಖಾಲಿ ಹೊಟ್ಟೇಲಿ ನನಗೋಸ್ಕರ ಕಾದು ಕೂತಿದ್ರು. ರಕ್ತ ಕೊಡೋ ತನಕ ಏನೂ ತಿನ್ನೋ ಹಾಗಿಲ್ಲ. ನಾನು ನಡ್ಕೊಂಡು ಹೋಗೋಷ್ಟರಲ್ಲಿ ಹತ್ತು ಗಂಟೆ. ತಲೆ ಸುತ್ತಿ ಬಿದ್ದು ಹಣೆ ಒಡ್ಕೊಂಡಿದಾರೆ."

"ಅದಕ್ಕೆ ನಾನೇನ್ ಮಾಡ್ಲಿ? ಗಾಡೀಲಿ ಈಗ ಯಾವ ದೋಷಾನೂ ಇಲ್ಲ. ಇದ್ರೆ ಓಡ್ಸೋರಲ್ಲಿರ್ಬೇಕು."

"ಭಾನುವಾರ ಒಂದು ಗಂಟೆ ಬಿಡುವು ಮಾಡ್ಕೊಳ್ಳಿ. ಮನೆ ಹತ್ರ ಬನ್ನಿ. ನಿಮ್ಮ ಕಿವಿಯಿಂದಲೇ ಕೇಳಿ."

ಅಷ್ಟು ಜನರ ಮುಂದೆ ಕರೆದ ಮೇಲೆ ಬರುವುದಿಲ್ಲ ಎನ್ನಲಾಗುತ್ತದೆಯೇ? ಹೋದ. ನನ್ನನ್ನೂ ಕರೆದ, ತಳ್ಳಲು.

ಭಾನುವಾರ ಕಾರು ಏರಿಗೆ ಮುಖ ಮಾಡಿ ನಿಂತಿತ್ತು. ಆಕೆ ಕೀ ತಿರುಗಿಸಿದಳು. ಗರಗರ ಸದ್ದು, ಅಷ್ಟೆ. "ಒಂದ್ಸಲಕ್ಕೆ ಒಂದೇ ಬದಲಾಯಿಸೋಣ," ಎಂದಳು. ನಾವಿಬ್ಬರೂ ಹಿಂದೆ ಮುಂದೆ ತಳ್ಳಿ, ಬೆವರು ಸುರಿಸಿ, ಗಾಡಿಯನ್ನು ಇಳಿಜಾರಿಗೆ ತಿರುಗಿಸಿದೆವು. ಕೀ ತಿರುಗಿಸಿದಳು, ಸ್ಟಾರ್ಟ್ ಆಯಿತು. ಓಡಿಸಿಕೊಂಡು ಹೋಗಿ, ಬೀದಿಯ ಕೆಳಗಿನಿಂದ ಮತ್ತೆ ಏರಿಗೆ ತಂದು ನಿಲ್ಲಿಸಿದಳು. ನಿಂತಲ್ಲೇ ಎರಡು ಸಲ ಕೆಮ್ಮಿ ಆರಿತು. ಮತ್ತೆ ಹೊತ್ತಲಿಲ್ಲ. ಆಗ ಮನೆಯೊಳಗಿಂದ ಪೆಟ್ರೋಲ್ ಕ್ಯಾನು ತಂದು ಪೂರ್ತಿ ಸುರಿದಳು. ಗಾಡಿಯನ್ನು ಒಂದು ಗೇಣೂ ಅಲುಗಾಡಿಸಲಿಲ್ಲ. ಕೀ ತಿರುಗಿಸಿದಳು. ಎರಡನೇ ಸುತ್ತಿಗೇ ಹೊತ್ತಿಕೊಂಡಿತು.

ಕಿಟಕಿಗಳಲ್ಲಿ ಜನ ಸೇರಿದ್ದರು. ಷಡ್ಡಕ ಕಿವಿಯ ಹಿಂದೆ ಕೆರೆದುಕೊಂಡ.

"ಹಾಗಾದ್ರೆ ಟ್ಯಾಂಕ್ ತುಂಬ್ಸ್ಕೊಂಡೇ ಓಡಾಡಿ."

"ಹತ್ತು ವರ್ಷದಿಂದ ಇದೇ ಬೀದೀಲಿ ನಿಲ್ಲಿಸ್ತಿದೀನಿ, ಹೀಗಾಗಿರ್ಲಿಲ್ಲ. ಎರಡು ತಿಂಗಳ ಹಿಂದೆ ಟ್ಯಾಂಕಿನೊಳಗಿನ ಪಂಪ್ ನೀವು ಬದಲಾಯಿಸಿದ್ರಲ್ಲ, ಆಮೇಲೆ ಶುರುವಾಗಿದ್ದು. ಅದನ್ನೊಮ್ಮೆ ತೆಗ್ದು ನೋಡೋಣ."

ನೋಡುವುದು! ಅವನಿಗೆ ಅದಕ್ಕಿಂತ ದೊಡ್ಡ ಬೈಗುಳ ಬೇರೆ ಇರಲಿಲ್ಲ. ಆದರೂ ಗ್ಯಾರೇಜಿಗೆ ಬಂದು ಹಿಂದಿನ ಸೀಟು ಎತ್ತಿ, ಟ್ಯಾಂಕಿನ ಮುಚ್ಚಳ ಬಿಚ್ಚಿ, ಪಂಪನ್ನು ಮೇಲೆತ್ತಿದ. ಆಕೆ ಕೈಗವಸು ಹಾಕಿಕೊಂಡು ಅದನ್ನು ತಿರುಗಿಸಿ ತಿರುಗಿಸಿ ನೋಡಿದಳು.

"ಇಲ್ಲಿ ನಾಲ್ಕು ಕೊಕ್ಕೆ ಇದೆ. ಇದಕ್ಕೆ ಏನೋ ಸಿಕ್ಕಿಸ್ಬೇಕಲ್ವಾ? ಬಟ್ಟಲಿನ ಹಾಗೆ ಏನಾದ್ರೂ? ಪೆಟ್ರೋಲೆಲ್ಲ ಒಂದು ಕಡೆ ಹರಿದ್ರೂ ಪಂಪಿಗೆ ಸ್ವಲ್ಪ ಉಳೀಲಿ ಅಂತ?"

"ಏನಿಲ್ಲ. ಹಳೇ ಮಾಡೆಲ್ಲು. ಕಂಪ್ನಿಯವರೇ ಹಾಕಿಲ್ಲ," ಎಂದ ಷಡ್ಡಕ. ಆ ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ.

ಅಷ್ಟು ಹೊತ್ತೂ ಬಾಗಿಲಿಗೊರಗಿ ನಿಂತಿದ್ದ ನಾನು ಮುಂದೆ ಬಂದು ಆ ಕೊಕ್ಕೆಗಳನ್ನು ನೋಡಿದೆ. ಅಂಚಿನಲ್ಲಿ ನಾಲ್ಕು ಸೀಳುಗಳಿರುವ, ಅಂಗೈಯಗಲದ ಕಪ್ಪು ಪ್ಲಾಸ್ಟಿಕ್ ಬಟ್ಟಲೊಂದು ನನ್ನ ಅಂಗಡಿಯ ಮೇಜಿನ ಮೇಲೇ ಇತ್ತು. ಎರಡು ತಿಂಗಳ ಹಿಂದೆ, ಈ ಕಾರಿನ ಪಂಪ್ ಬದಲಾಯಿಸಿದ ದಿನ, ಅವನ ಗುಜರಿ ರಾಶಿಯಲ್ಲಿ ಸಿಕ್ಕಿತ್ತು. "ಅದಾ? ಬೇಡದ ಡಬ್ಬಿ, ಹೊಸ ಪಂಪಿಗೆ ಸರಿಯಾಗಿ ಕೂರ್ಲಿಲ್ಲ, ತಗೊಂಡ್ಹೋಗು," ಎಂದಿದ್ದ. ನಾನು ಅದರಲ್ಲಿ ಟೈರಿನ ವಾಲ್ವ್ ಪಿನ್ನು ಹಾಕಿಟ್ಟುಕೊಂಡಿದ್ದೆ.

ಸುಮ್ಮನಿದ್ದರೆ ಸುಮ್ಮನಿರಬಹುದಿತ್ತು. ಹದಿನೇಳು ವರ್ಷ ಇದ್ದವನಿಗೆ ಇನ್ನೊಂದು ದಿನ ಹೆಚ್ಚಲ್ಲ. ಆದರೆ "ಕಂಪ್ನಿಯವರೇ ಹಾಕಿಲ್ಲ" ಎಂದು ಅವನು ಎರಡನೇ ಸಲ ಹೇಳಿದ. ಅದೂ ಹಣೆ ಒಡೆದುಕೊಂಡ ಅಜ್ಜನ ಸುದ್ದಿ ತಂದವಳ ಮುಂದೆ. ಹೋಗಿ ಪಿನ್ನುಗಳನ್ನು ಮೇಜಿನ ಮೇಲೆ ಸುರಿದೆ. ಬಟ್ಟಲು ತಂದು ಆಕೆಯ ಕೈಗೇ ಕೊಟ್ಟೆ.

"ಇದು ಬೇರೆ ಗಾಡೀದು," ಎಂದ ಷಡ್ಡಕ.

"ಅಣ್ಣ, ಇದೇ ಗಾಡೀದು. ನೀನೇ ಕೊಟ್ಟಿದ್ದು."

ಆಕೆ ಬಟ್ಟೆಯಲ್ಲಿ ಒರೆಸಿ, ಕೊಕ್ಕೆಗಳಿಗೆ ಹೊಂದಿಸಿ ಒತ್ತಿದಳು. ಮೂರು ಸಲೀಸಾಗಿ ಕೂತವು. ನಾಲ್ಕನೆಯದಕ್ಕೆ ಅಡ್ಡವಾಗಿ ಪಂಪಿನ ವೈರು ಬಂದಿತ್ತು. ಅದನ್ನು ಬೆರಳಲ್ಲಿ ಆಚೆ ಸರಿಸಿದಳು. ಟಕ್ ಎಂದು ಅದೂ ಕೂತಿತು. ಸರಿಸಬೇಕಾಗಿದ್ದದ್ದು ಒಂದು ವೈರು! ಅಷ್ಟಕ್ಕೆ ಸೋಮಾರಿತನ ಮಾಡಿ ಬಟ್ಟಲನ್ನೇ ಎಸೆದಿದ್ದ ಮಹಾನುಭಾವ.

ಬಗ್ಗಿದನೇ? ಎಲ್ಲಿಂದ! ಕೈ ಒರೆಸಿಕೊಳ್ಳುತ್ತ, "ಟ್ಯಾಂಕ್ ಕಡೆ ಏನೋ ಇದೆ ಅಂತ ನನಗೆ ಮೊದ್ಲೇ ಅನ್ಸಿತ್ತು," ಎಂದ. ಆಕೆ ಅವನ ಮುಖ ನೋಡಿದಳು. ಬೈದಿದ್ದರೆ ಅವನಿಗೆ ಉಳಿಗಾಲವಿತ್ತು. ಬೈಯಲೂ ಇಲ್ಲ. ನೋಟ್‌ಬುಕ್ ತೆರೆದು ಅವತ್ತಿನ ತಾರೀಖು ಹಾಕಿ ಒಂದು ಸಾಲು ಬರೆದಳು, ಮುಚ್ಚಿದಳು, ಕಾರು ಹತ್ತಿ ಹೋದಳು. ಕಾರು ಆಮೇಲೆ ಏರಿನಲ್ಲಿ ಕೆಟ್ಟು ನಿಂತದ್ದಿಲ್ಲ ಎಂದು ಕೇಳಿದೆ. ಅದನ್ನು ಈಗ ಬೇರೆ ಕಡೆ ರಿಪೇರಿಗೆ ಬಿಡುತ್ತಾಳೆ.

ಷಡ್ಡಕ ಎಂಟು ತಿಂಗಳು ನನ್ನೊಡನೆ ಮಾತು ಬಿಟ್ಟ. ಅಷ್ಟು ನೆಮ್ಮದಿಯಾಗಿ ನಾನು ಎಂದೂ ಕೆಲಸ ಮಾಡಿರಲಿಲ್ಲ. ಗೋಡೆಯಾಚೆಯಿಂದ ಅವನು ಗಿರಾಕಿಗಳಿಗೆ ಹೇಳುವ ಕಥೆ ಮಾತ್ರ ಕೇಳಿಸುತ್ತಿತ್ತು. ಆ ಕಥೆಯಲ್ಲಿ ಲ್ಯಾಬಿನ ಹೆಂಗಸಿಗೆ ಏನೂ ತಿಳಿಯುವುದಿಲ್ಲ. ಟ್ಯಾಂಕಿನೊಳಗೆ ಪೆಟ್ರೋಲು ಕುಲುಕಾಡುವ ಸದ್ದು ಹಿಡಿದು ಇವನೇ ಎಲ್ಲ ಕಂಡುಹಿಡಿಯುತ್ತಾನೆ. ನಾನಂತೂ ಅದರಲ್ಲಿ ಇಲ್ಲವೇ ಇಲ್ಲ.

ಕೊನೆಗೆ ಅಕ್ಕತಂಗಿಯರಿಬ್ಬರೂ ಸೇರಿ ನಮ್ಮನ್ನು ಒಂದೇ ಊಟದ ಮೇಜಿಗೆ ಕೂರಿಸಿದರು. ಅವನು ತಟ್ಟೆ ನೋಡಿಕೊಂಡು ತಿನ್ನುತ್ತಿದ್ದ. ಬಡಿಸುತ್ತಿದ್ದ ನನ್ನ ಹೆಂಡತಿಯ ಅಕ್ಕ ಸೌಟು ಹಿಡಿದೇ ನನ್ನ ಪಕ್ಕ ನಿಂತಳು.

"ಅಲ್ಲಪ್ಪ, ಇವರದ್ದಂತೂ ಇದ್ದಿದ್ದೇ. ಸ್ಟಾರ್ಟರ್ ಬಿಚ್ಚೋ ದಿನ ಅದು ತಪ್ಪು ಅಂತ ನಿನಗೆ ಗೊತ್ತಿತ್ತಂತೆ, ತಂಗಿ ಹೇಳಿದ್ಲು. ಆವತ್ತೇ ಯಾಕೆ ಬಾಯಿ ಬಿಡ್ಲಿಲ್ಲ?"

ಷಡ್ಡಕ ಮೊದಲ ಸಲ ತಲೆಯೆತ್ತಿ ನನ್ನನ್ನು ನೋಡಿದ. ಉತ್ತರ ಕೇಳಲು ಅವನಿಗೂ ಆಸೆಯಿದ್ದಂತಿತ್ತು. ನಾನು ಇನ್ನೊಂದು ಸೌಟು ಅನ್ನ ಹಾಕಿಸಿಕೊಂಡೆ.