ಚಿಕ್ಕಪ್ಪನ ರೂಮಿನವರು

ಅವರ ಎರಡೂ ಕೈಗಳ ಮೇಲೆ, ಮಣಿಕಟ್ಟಿನಿಂದ ಮೊಣಕೈವರೆಗೆ, ಸುಟ್ಟ ಗೆರೆಗಳಿದ್ದವು. ಹಳೆಯವು ಬೆಳ್ಳಗೆ, ಹೊಸವು ಹೊಗೆಸೊಪ್ಪಿನ ಬಣ್ಣ. ಬೇಕರಿಯ ಒಲೆಯಿಂದ ಕಾದ ತಟ್ಟೆ ಎಳೆಯುವಾಗ ಅಂಚು ತಾಗಿ ಆದವು. ಮುಖ ನೋಡುವ ಮೊದಲು ಎಷ್ಟೋ ವರ್ಷ ನಾನು ನೋಡಿದ್ದು ಆ ಕೈಯನ್ನೇ. ಮಸ್ಕತ್ತಿನಿಂದ ಚಿಕ್ಕಪ್ಪ ವಿಡಿಯೊ ಕಾಲ್ ಮಾಡಿದಾಗೆಲ್ಲ ಪಕ್ಕದಿಂದ ಒಂದು ಕೈ ಒಳಗೆ ಬಂದು ಟೀ ಲೋಟ ಇಟ್ಟು ಹೋಗುತ್ತಿತ್ತು. ಯಾರದು ಎಂದರೆ ಚಿಕ್ಕಪ್ಪ, "ನಮ್ ರೂಮಿನವ್ನು ಕಣವ್ವ, ಅಜ್ಜೀಪುರದವ್ನು" ಎನ್ನುತ್ತಿದ್ದರು. ಹನ್ನೊಂದು ವರ್ಷ ಇಬ್ಬರಿಗೂ ಒಂದೇ ರೂಮು. ನಮ್ಮ ಮನೆಯಲ್ಲಿ ಅವರಿಗೆ ಬೇರೆ ಹೆಸರೇ ಬೀಳಲಿಲ್ಲ.

ನನಗೆ ಅವರನ್ನು ಕಂಡರೆ ಆಗುತ್ತಿರಲಿಲ್ಲ. ಕಾರಣ ಹೊಟ್ಟೆಕಿಚ್ಚು. ಅದಕ್ಕೆ ಬೇರೆ ಹೆಸರಿಟ್ಟು ವಾದಿಸಬಲ್ಲೆ, ವಾದಿಸುವುದಿಲ್ಲ.

ಚಿಕ್ಕಪ್ಪ ಮದುವೆಯಾಗಿರಲಿಲ್ಲ. ಕೊಳ್ಳೇಗಾಲದ ಮನೆಯ ಮಗ್ಗವನ್ನು ಅಪ್ಪನಿಗೆ ಬಿಟ್ಟು, ಮಸ್ಕತ್ತಿನಲ್ಲಿ ಕಿಟಕಿ ಪರದೆ ಹೊಲಿಯುವ ಅಂಗಡಿ ಸೇರಿದ್ದರು. ಅವರು ನನ್ನವರು ಎಂದು ನಾನು ತೀರ್ಮಾನಿಸಿಬಿಟ್ಟಿದ್ದೆ. ಚರ್ಚಾಸ್ಪರ್ಧೆಗೆ ಹೋಗುವ ಮುಂಚೆ ನನ್ನ ವಾದ ಒಪ್ಪಿಸುತ್ತಿದ್ದದ್ದು ಅವರಿಗೇ. ಒಮ್ಮೆ, ಸತ್ತ ಮೇಲಿನ ಶಾಸ್ತ್ರವೆಲ್ಲ ಬದುಕಿರುವವರ ಸಮಾಧಾನಕ್ಕೆ ಮಾತ್ರ ಎಂದು ಜೋರಾಗಿ ವಾದ ಕಟ್ಟಿ ಮುಗಿಸಿದೆ. ಚಿಕ್ಕಪ್ಪ ಆಚೆ ತಿರುಗಿ ಏನೋ ಕೇಳಿಸಿಕೊಂಡು, "ಮೂರ್ನೇ ಪಾಯಿಂಟು ತೂಕ ಇಲ್ವಂತೆ ಕಣವ್ವ, ರೂಮಿನವ್ನು ಅಂತಾವ್ನೆ" ಎಂದರು. ಏಳನೇ ಕ್ಲಾಸಿಗೆ ಓದು ಬಿಟ್ಟ ಮನುಷ್ಯ!

"ಯಾಕಂತೆ? ಕಾರಣ ಕೊಡೋಕೆ ಹೇಳಿ" ಎಂದು ಕೂಗಿದೆ.

ಕೈ ಕಂಡಿತು, ಮಾತು ಕೇಳಿತು: "ಸಮಾಧಾನ ಏನ್ ಸಣ್ಣ ವಿಸ್ಯನವ್ವಾ?"

ನಾನು ಐದು ನಿಮಿಷ ಖಂಡಿಸಿದೆ. ಕೊನೆಗೆ ಅವರು, "ಇರ್ಬೋದು ಬುಡವ್ವ" ಎಂದರು. ಯಾವ ಜಗಳಕ್ಕೂ ಅವರದು ಅದೇ ಉತ್ತರ. ಎದುರಾಳಿ ಹೀಗೆ ಒಪ್ಪಿಕೊಂಡರೆ ಗೆಲ್ಲುವುದಾದರೂ ಹೇಗೆ? ಸ್ಪರ್ಧೆಯಲ್ಲಿ ಆ ಮೂರನೇ ಪಾಯಿಂಟು ಕೈಬಿಟ್ಟೆ. ಚಿಕ್ಕಪ್ಪನಿಗೆ ಹೇಳಲಿಲ್ಲ.

ಎರಡು ವರ್ಷಕ್ಕೊಮ್ಮೆ ರಜೆಗೆ ಬಂದರೂ ಚಿಕ್ಕಪ್ಪನ ಮೊದಲ ಬಸ್ಸು ಅಜ್ಜೀಪುರಕ್ಕೆ. ರೂಮಿನವರ ತಾಯಿಗೆ ಸ್ವೆಟರು, ಮಕ್ಕಳಿಗೆ ಖರ್ಜೂರ. ಹನೂರು ದಾಟಿ ಹೋದವರು ಎರಡು ದಿನ ಪತ್ತೆಯಿರುತ್ತಿರಲಿಲ್ಲ. ಬಂದ ಮೇಲೂ ಅದೇ ರಾಗ: ರೂಮಿನವನು ಹಂಗಂದ, ರೂಮಿನವನು ಹಿಂಗೆ ನಕ್ಕ.

ಹೋದ ವರ್ಷ ಬೇಸಿಗೆಯಲ್ಲಿ ಚಿಕ್ಕಪ್ಪ ಅಂಗಡಿಯಲ್ಲಿ ಹೊಲಿಗೆ ಮಿಷನ್ ಮೇಲೆ ತಲೆಯಿಟ್ಟವರು ಏಳಲಿಲ್ಲ. ಅಜ್ಜಿ ಅಳಲಿಲ್ಲ. "ನನ್ ಮಗನ್ನ ತಂದ್ಕೊಡಿ, ಅವ್ರಪ್ಪನ ಪಕ್ಕ ಕೂರ್ಸ್ಬೇಕು" ಎಂದು ಬಾಗಿಲಲ್ಲಿ ಕೂತರು. ನಮ್ಮಲ್ಲಿ ಸತ್ತವರನ್ನು ಕೂರಿಸಿಯೇ ಮಣ್ಣು ಮಾಡುವುದು. ಚೌಕದ ಗುಂಡಿ, ಅಂಗೈಯಲ್ಲಿ ಲಿಂಗ, ಸುತ್ತ ವಿಭೂತಿ.

ತಂದುಕೊಡಲು ಓಡಾಡಿದ್ದು ರೂಮಿನವರು. ಬೇಕರಿಗೆ ರಜೆ ಹಾಕಿ ಆಸ್ಪತ್ರೆ, ಪೊಲೀಸು, ರಾಯಭಾರ ಕಚೇರಿ ಸುತ್ತಿದರು. ಅವರಿಗೆ ಇಂಗ್ಲಿಷ್ ಬಾರದು, ಅಪ್ಪನಿಗೂ ಬಾರದು. ಹಾಗಾಗಿ ಪ್ರತಿ ಕಾಗದದ ಫೋಟೊ ನನ್ನ ಫೋನಿಗೆ ಬರುತ್ತಿತ್ತು. "ಇದ್ರಲ್ಲಿ ಏನ್ ಬರ್ದವ್ರೆ, ಓದವ್ವ." ಒಂದು ಕಾಗದದಲ್ಲಿ, ಶವದ ಜೊತೆ ಪ್ರಯಾಣಿಸುವವರ ಸಂಬಂಧ ಎಂಬಲ್ಲಿ, ಯಾರೋ ಗುಮಾಸ್ತ 'ಸಹೋದರ' ಎಂದು ತುಂಬಿದ್ದ. ತಪ್ಪು, ತಿದ್ದಿಸಿ ಎಂದೆ. ತಿದ್ದಿಸಿದರು. ಅದರಿಂದ ಚಿಕ್ಕಪ್ಪ ಬರುವುದು ಒಂದು ದಿನ ತಡವಾಯಿತು. ಕಾನೂನಿನ ಪ್ರಕಾರ ನಾನು ಹೇಳಿದ್ದೇ ಸರಿ. ಆದರೆ ಹೇಳಿದ್ದು ಕಾನೂನಿಗಾಗಿ ಅಲ್ಲ.

ಹೊರಡುವ ದಿನ ಬೆಳಿಗ್ಗೆ ಫೋನು ಬಂತು.

"ಅವ್ವ, ಅಪ್ಪಾರಿಗೆ ಯೋಳು. ಗುಂಡಿ ಉದ್ದುಕೆ ತಗಸ್ಲಿ. ಕೆಡದಂಗೆ ಔಸ್ದಿ ಆಕವ್ರೆ, ಮೈ ಮರ ಆಗ್ಬುಟ್ಟದ. ಕಾಲು ಮಡಚಕಾಗಲ್ಲ, ಕೂರ್ಸಕಾಗಲ್ಲ."

"ನಮ್ಮ ಪದ್ಧತಿ ನಮಗೆ ಗೊತ್ತು. ನೀವು ಹೇಳ್ಕೊಡಬೇಕಾಗಿಲ್ಲ."

"ಊ ಕಣವ್ವ, ನಿಮ್ ಪದ್ಧತಿ ಅವ್ನೇ ಯೋಳಿದ್ದ. ತನ್ನನ್ನ ಅಪ್ಪನ ಪಕ್ಕವೇ ಇಕ್ಬೇಕು ಅಂತಲೂ ಯೋಳಿದ್ದ. ಅದ್ಕೇಯ..."

ಫೋನು ಇಟ್ಟೆ. ಸಾವಿನ ಬಗ್ಗೆ ನಾನು ಗಂಟೆಗಟ್ಟಲೆ ಭಾಷಣ ಒಪ್ಪಿಸಿದಾಗ ನಕ್ಕು ಸುಮ್ಮನಾಗುತ್ತಿದ್ದ ಚಿಕ್ಕಪ್ಪ, ತಮ್ಮ ಸಾವಿನ ಮಾತನ್ನು ಆಡಿದ್ದು ಈ ಮನುಷ್ಯನ ಹತ್ತಿರ. ಅಜ್ಜಿ ನೊಂದುಕೊಳ್ಳುತ್ತಾರೆ, ತಿಳಿದವರನ್ನು ಕೇಳಿ ಆಮೇಲೆ ಹೇಳೋಣ ಎಂದೆಲ್ಲ ನೆಪ ಕಟ್ಟಿದೆ. ಶಾಸ್ತ್ರ ನಂಬದವಳು ಅಂದು ಒಂದು ದಿನದ ಮಟ್ಟಿಗೆ ಶಾಸ್ತ್ರದ ವಕೀಲೆಯಾದೆ. ಯಾರಿಗೂ ಹೇಳಲಿಲ್ಲ. ಮಾರನೆಯ ದಿನ ಗುಂಡಿ ತೋಡಿದರು. ಚೌಕದ ಗುಂಡಿ.

ಮಧ್ಯಾಹ್ನ ಆಂಬುಲೆನ್ಸ್ ನೇರ ರುದ್ರಭೂಮಿಗೇ ಬಂತು. ಮುಂದಿನ ಸೀಟಿನಿಂದ ರೂಮಿನವರು ಇಳಿದರು. ಕುಳ್ಳಗಿನ ಮನುಷ್ಯ. ಚಿಕ್ಕಪ್ಪನಿಗೆ ನಾನು ಆರಿಸಿಕೊಟ್ಟಿದ್ದ ನೀಲಿ ಗೆರೆಯ ಅಂಗಿ ತೊಟ್ಟಿದ್ದರು. ಗುಂಡಿ ನೋಡಿದರು. ಆಮೇಲೆ ನನ್ನನ್ನು ನೋಡಿದರು, ಒಂದೇ ಸಲ.

ಪೆಟ್ಟಿಗೆ ತೆರೆದು ಅಪ್ಪ ತಮ್ಮನ ಮೊಣಕಾಲು ಮಡಚಲು ಹೋದರು. ಮಡಚಲಿಲ್ಲ. ಇನ್ನೊಮ್ಮೆ ಒತ್ತಿದರು. ಮುದುಕರೊಬ್ಬರು ಅಪ್ಪನ ಕೈ ಹಿಡಿದುಕೊಂಡರು. ಅಪ್ಪನ ಸಿಟ್ಟೆಲ್ಲ ರೂಮಿನವರ ಕಡೆ ತಿರುಗಿತು.

"ಏನ್ಲಾ, ಇಷ್ಟು ದಿನ ಜೊತೇಲಿದ್ದೆ, ಒಂದ್ ಮಾತು ಯೋಳ್ಬಾರ್ದಾಗಿತ್ತಾ? ನಮ್ಮವ್ವನ ಮುಂದೆ ಇಂಗಾಯ್ತಲ್ಲೋ!"

"ತಪ್ಪಾಯ್ತು ಕಣಣ್ಣ. ಗ್ಯಾನ ಬರ್ನಿಲ್ಲ."

ಅಷ್ಟೇ ಹೇಳಿ, ಚಪ್ಪಲಿ ಬಿಟ್ಟು ಗುದ್ದಲಿ ತಕ್ಕೊಂಡು ಗುಂಡಿಗೆ ಇಳಿದರು. ಉದ್ದಕ್ಕೆ ಅಗೆಯತೊಡಗಿದಾಗ ಅಜ್ಜಿಗೆ ಅರ್ಥವಾಯಿತು.

"ಮನಗಿಸ್ಬ್ಯಾಡಿ! ನನ್ ಮಗ ಏನ್ ತಪ್ಪು ಮಾಡ್ದ ಅಂತ ಮನಗಿಸ್ತೀರಿ? ಕೂರ್ಸ್ರೋ!"

ಅಪ್ಪ ನನ್ನ ಮುಖ ನೋಡಿದರು. ಮಾತಾಡಿ ಒಪ್ಪಿಸುವವಳು ಮನೆಯಲ್ಲಿ ನಾನೇ ತಾನೇ. ನಾನು ಗುಂಡಿಯ ಕಡೆ ನೋಡಿದೆ. ಗುಂಡಿಯೊಳಗಿಂದ ರೂಮಿನವರು ತಲೆಯೆತ್ತಿದರು.

"ಅವ್ವಾ, ಅನ್ನೊಂದು ವರ್ಸ ಮಿಷನ್ ಮುಂದೆ ಕೂತೇ ಇದ್ದ ಕಣವ್ವ. ರೂಮ್ಗೆ ಬಂದ್ರೆ ಬೆನ್ನು ನೋವು ಅಂತ ನರಳವ್ನು, ನಾನೇ ತುಳೀತಿದ್ದೆ. ಕೂತು ಕೂತು ಸಾಕಾಗ್ಬುಟ್ಟದ ಅವನ್ಗೆ. ಮನಿಕ್ಕಳ್ಳಿ ಬುಡು."

ಅಜ್ಜಿ ಗುಂಡಿಯ ಅಂಚಿಗೆ ಬಂದು ಬಗ್ಗಿದರು.

"ಬೆನ್ನು ನೋಯ್ತಿತ್ತಾ?"

"ಊ ಕಣವ್ವ."

"ಅಂಗಾದ್ರೆ ಮನಗಿಸಿ."

ನಾನು ಕೇಳಿರುವ ಅತ್ಯುತ್ತಮ ವಾದ ಅದು. ಹಾಗಿದ್ದೂ ಗುಂಡಿಯ ಅಂಚಿನಲ್ಲಿ ನಿಂತು ನನಗೆ ಹೊಟ್ಟೆ ಉರಿಯಿತು. ಆ ಬೆನ್ನುನೋವು ನನಗೆ ಯಾಕೆ ಗೊತ್ತಿರಲಿಲ್ಲ?

ಎಲ್ಲ ಮುಗಿದ ಮೇಲೆ ಅವರು ನಲ್ಲಿಯ ಹತ್ತಿರ ಕಾಲಿನ ಮಣ್ಣು ತೊಳೆಯುತ್ತಿದ್ದರು. ಹೋಗಿ ಕೇಳಿದೆ: "ಫೋನ್ ಮಾಡಿದ್ದೆ ಅಂತ ಯಾಕೆ ಹೇಳಲಿಲ್ಲ?"

"ನೀನು ಈ ಮನೇಲಿ ಇರೋಳು ಕಣವ್ವ. ನಾನು ಓಯ್ತೀನಿ."

ಸಂಜೆಯ ಬಸ್ಸಿಗೆ ಅಜ್ಜೀಪುರಕ್ಕೆ ಹೋದರು, ಮುಂದಿನ ವಾರ ಮಸ್ಕತ್ತಿಗೆ. ಈಗ ಆ ರೂಮಿನಲ್ಲಿ ಚಿಕ್ಕಪ್ಪನ ಜಾಗಕ್ಕೆ ಬೇರೆ ಯಾರೋ ಬಂದಿದ್ದಾರಂತೆ. ನನಗೆ ಅವರೂ ಹಿಡಿಸುವುದಿಲ್ಲ.

ಅಪ್ಪ ಈಗಲೂ, "ರೂಮಿನವ್ನು ಒಳ್ಳೆ ಮನ್ಸ, ಆದ್ರೆ ಅವತ್ತು ಒಂದ್ ಮಾತು ಯೋಳ್ದೆ ಮರ್ಯಾದೆ ಕಳ್ದ" ಎನ್ನುತ್ತಾರೆ. ನಾನು ಪ್ರತಿ ಸಲವೂ ಹೂಂಗುಟ್ಟಿದ್ದೇನೆ. ಇನ್ನು ಆಗುವುದಿಲ್ಲ. ಅಪ್ಪ, ಅವರು ಹೇಳಿದ್ದರು. ಫೋನು ತೆಗೆದದ್ದು ನಾನು.