ಬಸುರಿ ಕಲ್ಲಿನ ಸರಾಸರಿ

ನಿಜಾಮನ ಮೇಲೆ ಪೊಲೀಸ್ ಆ್ಯಕ್ಷನ್ ಆದ ಮರುವರ್ಷದ ಮಾತು. ಭಾಲ್ಕಿಯಿಂದ ನನ್ನನ್ನು ಔರಾದ ಕಡೆಯ ಹಳ್ಳಿಗೆ ಕೊಟ್ಟು ಬಹಳ ದಿನವಾಗಿತ್ತು, ಹೊಟ್ಟೆ ಮಾತ್ರ ಚಪ್ಪಟೆ. ಊರಿನ ಹಾಳು ಗುಡಿಯ ಗೋಡೆ ತುಂಬ ಕಲ್ಲಿನ ಹೆಂಗಸರು. ಮೈಮೇಲೆ ಬಟ್ಟೆಗಿಂತ ಸರವೇ ಜಾಸ್ತಿ. ಮೂಲೆಯಲ್ಲಿದ್ದ ಒಬ್ಬಳನ್ನು ಬಸುರಿ ಎನ್ನುತ್ತಿದ್ದರು. ಮಕ್ಕಳಾಗದವರು ಅವಳ ಹೊಟ್ಟೆಗೆ ಬೆಣ್ಣೆ ಸವರಿ, ಮೇಲೆ ಅರಿಶಿನ ಮೆತ್ತಬೇಕು, ಒರೆಸಬಾರದು. ಅತ್ತೆ ಸೋಮವಾರ ಸೋಮವಾರ ನನ್ನ ಕೈಯಿಂದ ಸವರಿಸುತ್ತಿದ್ದಳು.

"ಸುಗ್ಗಿ ತನಕ ನೋಡ್ತೇನಿ. ಆಮ್ಯಾಲ ನನ್ನ ಮಗಗ ಇನ್ನೊಂದು ತರ್ತೇನಿ," ಅಂದಳು, ಎಮ್ಮೆ ತರುವ ಹಾಗೆ.

ಆಗ ಬೀದರಿನಿಂದ ಒಬ್ಬ ಸಾಹೇಬ ಅಳತೆಯ ಟೇಪು ಹಿಡಿದು ಬಂದ. ಜರ್ಮನ್ ಲಡಾಯಿಯಲ್ಲಿ ಈಜಿಪ್ಟಿಗೆ ಹೋದವನು ಅಲ್ಲಿಯ ಹಳೇ ಗುಡಿಗಳ ಗೋಡೆಚಿತ್ರ ಅಳೆದು ಲೆಕ್ಕ ಹಾಕಿದ್ದನಂತೆ. ಅದೇ ಲೆಕ್ಕ ನಮ್ಮ ಗೋಡೆಗೂ ಕೂಡುತ್ತದೋ ನೋಡಬೇಕಿತ್ತು. ಅಲ್ಲಿಯ ಫೋಟೋ ತೋರಿಸಿದ.

ಅತ್ತೆ ಕಣ್ಣು ಕಿರಿದು ಮಾಡಿದಳು. "ಮಾರಿ ಒಂದ್ ಕಡಿ, ಎದಿ ಒಂದ್ ಕಡಿ! ಸಾಹೇಬ್ರ, ಇವರಿಗಿ ಕುತ್ತಿಗಿ ಹಿಡಕೊಂಡದೇನ್ರಿ?"

"ಹಿಂಗೇ ಬರೀಬೇಕಂತ ಅವರ ಕಾಯ್ದಾರಿ ಅಮ್ಮಾ. ಎಲ್ಲಾ ಗೊಂಬಿ ಅಳದು ಸರಾಸರಿ ತೆಗದ್ರ ಆ ಕಾಯ್ದಾ ಸಿಗ್ತದ. ಸರಾಸರಿ ಬಿಟ್ಟು ಯಾವಾಕಿ ಹೊರಗ ನಿಂತಾಳೋ, ಆಕಿಗಿ ವಿಚಾರಿಸಬೇಕ್ರಿ."

ಕಲ್ಲಿನ ಹೆಂಗಸರ ಎದೆ, ನಡು, ತೊಡೆ ಅಳೆಯತೊಡಗಿದ. ಊರ ಗಂಡಸರಿಗೆ ಒಮ್ಮೆಲೇ ಭಕ್ತಿ ಬಂದು ಗುಡಿಯಲ್ಲೇ ಕೂತರು.

ಲೆಕ್ಕ ಮುಗಿದಾಗ ಹೆಂಗಸರೆಲ್ಲ ಒಂದೇ ಅಚ್ಚು. ಬಸುರಿಯ ತೋಳು ತೊಡೆಯೂ ಅದೇ ಅಳತೆ, ಹೊಟ್ಟೆಯೊಂದೇ ಹೊರಗೆ. ಸಾಹೇಬನಿಗೆ ಸಂಶಯ ಬಂತು, ತೊಳೆಯಬಹುದೇ ಎಂದು ಕೇಳಿದ. ಒರೆಸುವುದು ಬೇರೆ, ದೇವಿಗೆ ಜಳಕ ಮಾಡಿಸಿದರೆ ಪುಣ್ಯ ಬರುತ್ತದೆ ಎಂದು ಅತ್ತೆ ಒಪ್ಪಿದಳು. ಬಿಸಿನೀರು, ಸೀಗೆಪುಡಿ ಹಾಕಿ ನಾನೇ ತಿಕ್ಕಿದೆ. ಕಮಟು ಬೆಣ್ಣೆ ಹೆಂಟೆ ಹೆಂಟೆಯಾಗಿ ಬಿತ್ತು. ಒಳಗೆ ಹೊಟ್ಟೆ ನನ್ನದರಷ್ಟೇ ಚಪ್ಪಟೆ.

"ಬಸುರಿ ಅಲ್ರಿ ಅಮ್ಮಾ. ಇದು ನಿಮ್ಮೂರ ಬೆಣ್ಣಿ," ಅಂದ ಸಾಹೇಬ.

ಅತ್ತೆ ನನ್ನ ಕಡೆ ತಿರುಗಿ, "ನಿನ್ನ ಕಾಲಗುಣಕ್ಕ ದೇವಿ ಬಸುರೂ ಹೋತು!" ಅಂದಳು.

"ಟೇಪು ಇಲ್ಲೇ ಅದ ಅತ್ತಿ," ಅಂದೆ. "ನಿಮ್ಮ ಮಗಂದೂ ಒಮ್ಮಿ ಅಳತಿ ಮಾಡಸ್ರಿ."

ಕಪಾಳಕ್ಕೆ ಬಿತ್ತು. ಗಂಡಸರು ನಕ್ಕಿದ್ದಕ್ಕೆ ಇನ್ನೊಂದು ಬಿತ್ತು.

ಸುಗ್ಗಿಯಾದ ಮೇಲೆ ಜನವಾಡದಿಂದ ಎರಡನೆಯವಳು ಬಂದಳು. ಅವಳಿಗೂ ಆಗಲಿಲ್ಲ. ಅತ್ತೆ ಮೂರನೆಯವಳ ಮಾತೆತ್ತಿದಾಗ ನನ್ನ ಗಂಡನೇ ಕೈಮುಗಿದ.

"ಸಾಕ್ ಮಾಡವ್ವ. ಇನ್ನೊಬ್ಬಾಕಿ ಬಂದ್ರ ಊರ ಮಂದಿನೇ ಸರಾಸರಿ ಲೆಕ್ಕ ಹಾಕ್ತಾರ."